ಬೈಕು ಹೊತ್ತ ಗಾಡಿಗಳ ಕಥೆ

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡು, ಆಮೇಲೆ ನೋಡೋಣ ಅಂತ ಮುಂದೂಡುತ್ತಾ ಬಂದಿದ್ದ ವಿಷಯ ಇದು. ಕೊನೆಗೂ ಕೂತು ಬರೆಯೋ ಹಾಗೆ ಮಾಡಿದ್ದು ಅಮ್ಮ ಕೇಳಿದ ಒಂದು ಪ್ರಶ್ನೆ.

ಅಮೆರಿಕದಲ್ಲಿರೋ ಚಿಕ್ಕಪ್ಪನ ಮಗ ರಜೆಯಲ್ಲಿ ಸುತ್ತಾಡಿದ ಫೋಟೋಗಳನ್ನ ಕಳಿಸಿದ್ದ. ದೊಡ್ಡ ಪಿಕಪ್ ಗಾಡಿಯ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗೋ ಒಂದು ಮನೆ. ಕ್ಯಾಂಪಿಂಗ್ ಟ್ರೈಲರ್ ಅಂತಾರಂತೆ. ಮುಂದೆ ಮಂಚ, ನಡುವೆ ಒಲೆ, ಪಾತ್ರೆ ತೊಳೆಯೋ ಸಿಂಕ್, ಹಿಂಭಾಗದಲ್ಲಿ ಮೋಟಾರ್ ಸೈಕಲ್ ನಿಲ್ಲಿಸೋ ಜಾಗ. ಹಿಂದಿನ ಗೋಡೆ ಇಡಿಯಾಗಿ ಕೆಳಗೆ ಮಗುಚಿಕೊಂಡು ಬೈಕ್ ಹತ್ತಿಸೋ ಇಳಿಜಾರು ಹಲಗೆ ಆಗಿಬಿಡುತ್ತೆ. ಇಂಥದಕ್ಕೆ ಅಲ್ಲಿ 'ಟಾಯ್ ಹಾಲರ್' ಅಂತ ಹೆಸರು. ಆಟದ ಸಾಮಾನು ಹೊರೋ ಗಾಡಿ ಅಂತ ಅರ್ಥ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಅಡುಗೆ ಮಾಡೋ ಪಕ್ಕದಲ್ಲೇ ಬೈಕ್ ನಿಲ್ಲಿಸಿದಾರಲ್ಲೋ, ಪೆಟ್ರೋಲ್ ವಾಸನೆ ಬರಲ್ವಾ? ನಿಮ್ಮಪ್ಪ ಹುಬ್ಬಳ್ಳಿಗೆ ಕಳಿಸುವಾಗ ಎಷ್ಟು ಒದ್ದಾಡಿದ್ರು, ನೆನಪಿದ್ಯಾ?" ಅಂದಳು.

ನೆನಪಿತ್ತು. ಅದೂ ಅಲ್ಲದೆ, ಆ ಫೋಟೋಗಳು ಬರೋದಕ್ಕೆ ಎರಡು ವಾರ ಮುಂಚೆಯಷ್ಟೇ ನಾನು ಅದೇ ಬೈಕನ್ನ ಬಸವೇಶ್ವರನಗರದ ಮನೆ ಮುಂದೆ ಟಾಟಾ ಏಸ್ ಒಂದಕ್ಕೆ ಹತ್ತಿಸಿ ಮೈಸೂರಿಗೆ ಹೊರಿಸಿಕೊಂಡು ಹೋಗಿದ್ದೆ. ಆವತ್ತಿನಿಂದ ತಲೆಯಲ್ಲಿ ಒಂದು ಯೋಚನೆ ಕೊರೀತಾ ಇದೆ. ಮೋಟಾರ್ ಸೈಕಲ್ಲಿನ ಚರಿತ್ರೆ ಅಂದರೆ ನಾವೆಲ್ಲ ಅದು ಓಡಿದ ಕಥೆ ಹೇಳ್ತೀವಿ. ಎಷ್ಟು ಸಿಸಿ, ಎಷ್ಟು ಮೈಲೇಜು, ಲಡಾಖಿಗೆ ಹೋಗಿ ಬಂದದ್ದು, ಹೀಗೆ. ಆದರೆ ಯಾವ ಬೈಕೂ ತನ್ನ ಮೊದಲ ಪ್ರಯಾಣವನ್ನ ತಾನೇ ಓಡಿಕೊಂಡು ಮಾಡಿದ್ದು ಅಪರೂಪ. ಕೊನೇ ಪ್ರಯಾಣವನ್ನೂ ಅಷ್ಟೇ, ಗುಜರಿಗೆ ಹೋಗುವಾಗ ಯಾರೋ ಹೊತ್ತುಕೊಂಡೇ ಹೋಗಬೇಕು. ನಡುವೆ ವರ್ಗ, ಮನೆ ಬದಲಾವಣೆ, ರಿಪೇರಿ ಅಂತ ಎಷ್ಟೋ ಸಲ ಅದು ಸವಾರಿಯಲ್ಲ, ಸಾಮಾನು. ಈ ಹೊರೆಯ ಕಥೆಯನ್ನ ಯಾರೂ ಬರೆದ ಹಾಗೆ ಕಾಣಲಿಲ್ಲ. ಅದಕ್ಕೇ ಈ ಪ್ರಯತ್ನ.

ನಮ್ಮ ಬೈಕಿನಿಂದಲೇ ಶುರು ಮಾಡ್ತೀನಿ. ಅದು ಯೆಜ್ಡಿ ರೋಡ್ ಕಿಂಗ್. ಅಪ್ಪ 1983ರಲ್ಲಿ ಕೊಂಡದ್ದು. ಈ ಯೆಜ್ಡಿಯ ಮೂಲ ಇರೋದು ದೂರದ ಚೆಕೊಸ್ಲೊವಾಕಿಯಾದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಎಂಜಿನಿಯರ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ 'ಜಾವಾ' ಅಂತ ಹೆಸರಿಟ್ಟ. ಐವತ್ತರ ದಶಕದಲ್ಲಿ ಬೊಂಬಾಯಿಯ ಪಾರ್ಸಿ ಉದ್ಯಮಿ ರುಸ್ತುಂ ಇರಾನಿ ಈ ಬೈಕುಗಳನ್ನ ಹೊರಗಿನಿಂದ ತರಿಸಿ ಮಾರ್ತಾ ಇದ್ದರು. ಅಂದರೆ ನಮ್ಮ ದೇಶಕ್ಕೆ ಜಾವಾ ಮೊದಲು ಬಂದದ್ದು ಹಡಗಿನ ಸರಕಾಗಿ.

ಹೊರಗಿನಿಂದ ತರಿಸೋದಕ್ಕೆ ಸರ್ಕಾರದ ಕಡಿವಾಣ ಬಿಗಿಯಾದ ಮೇಲೆ ಇಲ್ಲೇ ತಯಾರಿಸಬೇಕಾಯಿತು. ಮೈಸೂರಿನ ಜಯಚಾಮರಾಜ ಒಡೆಯರ್ ಅವರ ಬೆಂಬಲದಿಂದ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬಂತು. ಕಂಪನಿ ಹುಟ್ಟಿದ್ದು 1960ರಲ್ಲಿ, ಬೈಕುಗಳು ಹೊರಬರೋಕೆ ಶುರುವಾಗಿದ್ದು 1961ರಲ್ಲಿ. ಎಪ್ಪತ್ತರ ದಶಕದ ಮೊದಲಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿಗಳ ಪೂರ್ವಿಕರ ನಾಡಿನ ಯಜ್ದ್ ಊರಿನ ನೆನಪಿಗೆ ಆ ಹೆಸರು. ನಮ್ಮ ರೋಡ್ ಕಿಂಗ್ ಮಾದರಿ ಬಂದಿದ್ದು 1978ರಲ್ಲಿ.

ಬುಲೆಟ್ ಕಥೆಯೂ ಹೀಗೇ. ಐವತ್ತರ ದಶಕದ ಮೊದಲಲ್ಲಿ ನಮ್ಮ ಸೇನೆಗೆ ಅಂತ ಸರ್ಕಾರ 350 ಸಿಸಿಯ 800 ಬುಲೆಟ್‌ಗಳನ್ನ ಇಂಗ್ಲೆಂಡಿನಿಂದ ತರಿಸಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಆಯಿತು. ಮೊದಮೊದಲು ಇಂಗ್ಲೆಂಡಿನ ರೆಡ್ಡಿಚ್‌ನಿಂದ ಬಿಡಿಭಾಗಗಳು ಬರ್ತಾ ಇದ್ದವು, ಮದ್ರಾಸಿನಲ್ಲಿ ಜೋಡಿಸ್ತಾ ಇದ್ದರು. ನಾವು 'ಗುಡುಗುಡು' ಅಂತ ಹೆಮ್ಮೆಯಿಂದ ಕೇಳಿದ ಶಬ್ದ ಮೊದಲು ಸಮುದ್ರ ದಾಟಿದ್ದು ಬಿಡಿ ಸಾಮಾನಾಗಿ, ಬಾಯಿಲ್ಲದೆ!

ಎನ್‌ಫೀಲ್ಡ್ ಮಾತು ಬಂತಲ್ಲ, ಅದೇ ಕಂಪನಿಯ ಇನ್ನೊಂದು ಬೈಕಿನ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನವರಿಗೆ ಒಂದು ತೊಡಕು ಎದುರಾಯಿತು. ಪ್ಯಾರಾಚೂಟ್‌ನಲ್ಲಿ ಇಳಿದ ಸೈನಿಕ ಶತ್ರುವಿನ ನೆಲದಲ್ಲಿ ಕಾಲ್ನಡಿಗೆಯವನೇ. ಅವನ ಜೊತೆಗೆ ಬೈಕನ್ನೂ ಇಳಿಸಿದರೆ? ಆಗ ಎನ್‌ಫೀಲ್ಡ್ 125 ಸಿಸಿಯ ಪುಟ್ಟ ಟೂ ಸ್ಟ್ರೋಕ್ ಬೈಕ್ ಕೊಟ್ಟಿತು. 'ಫ್ಲೈಯಿಂಗ್ ಫ್ಲೀ', ಅಂದರೆ ಹಾರುವ ಚಿಗಟ. ತೂಕ ಹೆಚ್ಚುಕಡಿಮೆ 60 ಕೆ.ಜಿ. ಅದನ್ನ ಕಬ್ಬಿಣದ ಕೊಳವೆಗಳ ಪಂಜರದಲ್ಲಿ ಕೂರಿಸಿ, ಪಂಜರಕ್ಕೆ ಪ್ಯಾರಾಚೂಟ್ ಕಟ್ಟಿ ವಿಮಾನದಿಂದ ಬೀಳಿಸ್ತಾ ಇದ್ದರು. ಗ್ಲೈಡರ್‌ಗಳಲ್ಲಿ ಕಟ್ಟಿಕೊಂಡೂ ಹೋಗ್ತಾ ಇದ್ದರು. 1944ರ ಸೆಪ್ಟೆಂಬರಿನ ಆರ್ನ್‌ಹೆಮ್ ಕಾಳಗದಲ್ಲಿ ಇವು ಇದ್ದವು. ವೆಲ್‌ಬೈಕ್ ಅನ್ನೋ ಇನ್ನೊಂದನ್ನಂತೂ ಹ್ಯಾಂಡಲ್ ಮಡಿಚಿ, ಸೀಟು ಒಳಗಿಳಿಸಿ ಉದ್ದನೆ ಡಬ್ಬಿಯೊಳಗೆ ತುರುಕಿ ಬೀಳಿಸ್ತಾ ಇದ್ದರು.

ಇದನ್ನ ಇಲ್ಲಿ ಹೇಳಿದ್ದಕ್ಕೆ ಕಾರಣ ಇದೆ. ಹೆಚ್ಚಿನ ಬೈಕುಗಳನ್ನ ಓಡಿಸೋಕೆ ಅಂತ ಮಾಡ್ತಾರೆ, ಹೊರೋ ಕಷ್ಟ ಆಮೇಲೆ ಯಾರದೋ ತಲೆ ಮೇಲೆ. ವೆಲ್‌ಬೈಕನ್ನ ಮಾತ್ರ ಹೊರೋಕೆ ಎಷ್ಟು ಸುಲಭ ಅನ್ನೋದನ್ನ ಮೊದಲು ಯೋಚಿಸಿ ಮಾಡಿದ್ದು. ನಮ್ಮ ಯೆಜ್ಡಿಯನ್ನ ಮಾಡಿದವರು ಹಾಗೆ ಯೋಚಿಸಿರಲಿಲ್ಲ ಅನ್ನೋದಕ್ಕೆ ನನ್ನ ಸೊಂಟವೇ ಸಾಕ್ಷಿ. ಸುಮಾರು 140 ಕೆ.ಜಿ. :-)

ಈಗ ಅಮ್ಮ ಹೇಳಿದ ಹುಬ್ಬಳ್ಳಿ ಪ್ರಸಂಗ. 1986ರಲ್ಲಿ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ನನಗೆ ಆಗ ಎಂಟು ವರ್ಷ. ಬೈಕನ್ನ ರೈಲಿನಲ್ಲಿ ಕಳಿಸೋದು ಅಂತ ತೀರ್ಮಾನವಾಗಿ, ಒಂದು ಬೆಳಿಗ್ಗೆ ಅಪ್ಪನ ಮುಂದೆ ಟ್ಯಾಂಕ್ ಮೇಲೆ ಕೂತು ಸಿಟಿ ಸ್ಟೇಷನ್ನಿಗೆ ಹೋದೆ. ಈಗಿನ ಸಂಗೊಳ್ಳಿ ರಾಯಣ್ಣ ನಿಲ್ದಾಣ.

ರೈಲಿನಲ್ಲಿ ಬೈಕ್ ಕಳಿಸೋದಕ್ಕೆ ಆಗಲೂ ಈಗಲೂ ಎರಡು ದಾರಿ. ನೀವೂ ಅದೇ ರೈಲಿನಲ್ಲಿ ಹೋಗ್ತಾ ಇದ್ದು, ಟಿಕೆಟ್ ತೋರಿಸಿ ಕಳಿಸಿದರೆ ಅದು ಲಗೇಜು. ನೀವು ಹೋಗದೆ ಅದೊಂದನ್ನೇ ಕಳಿಸಿದರೆ ಪಾರ್ಸೆಲ್. ಎರಡರಲ್ಲೂ ಅದು ಕೂರೋದು ಗಾರ್ಡ್ ಡಬ್ಬಿಯ ಪಕ್ಕದ ಸಾಮಾನಿನ ಕೋಣೆಯಲ್ಲೋ, ಪಾರ್ಸೆಲ್ ವ್ಯಾನಿನಲ್ಲೋ. ಪಾರ್ಸೆಲ್ ಆದರೆ ಜಾಗ ಸಿಕ್ಕ ರೈಲಿನಲ್ಲಿ ಹೋಗುತ್ತೆ, ಇವತ್ತೋ ನಾಳೆಯೋ. ತಲುಪಿದ ಮೇಲೆ ಹೊತ್ತಿಗೆ ಸರಿಯಾಗಿ ಬಿಡಿಸಿಕೊಳ್ಳದಿದ್ದರೆ 'ವಾರ್ಫೇಜ್' ಅಂತ ದಂಡದ ಬಾಡಿಗೆ ಬೀಳುತ್ತೆ. ಬಂದರಿನ ಮಾತು, ರೈಲಿಗೆ ಬಂದು ಸೇರಿಕೊಂಡಿದೆ. ಆರ್‌ಸಿ ಪುಸ್ತಕದ ನಕಲು ಬೇಕು. ಎಲ್ಲಕ್ಕಿಂತ ಮುಖ್ಯ, ಟ್ಯಾಂಕಿನಲ್ಲಿ ಒಂದು ಹನಿ ಪೆಟ್ರೋಲ್ ಇರಬಾರದು. ಅಪಾಯಕಾರಿ ಸಾಮಾನನ್ನ ಹೇಳದೆ ಕೇಳದೆ ರೈಲಿಗೆ ಹತ್ತಿಸೋ ಹಾಗಿಲ್ಲ ಅನ್ನೋ ನಿಯಮ 1890ರ ಹಳೇ ರೈಲ್ವೆ ಕಾಯ್ದೆಯಲ್ಲೂ ಇತ್ತು, ಈಗಿರೋ 1989ರ ಕಾಯ್ದೆಯ 67ನೇ ಕಲಮಿನಲ್ಲೂ ಇದೆ.

ಅಪ್ಪ ಪೈಪ್ ಬಿಚ್ಚಿ ಪೆಟ್ರೋಲನ್ನೆಲ್ಲ ಡಬ್ಬಕ್ಕೆ ಇಳಿಸಿದರು. ಗುಮಾಸ್ತರು ಟ್ಯಾಂಕಿನ ಬಾಯಿಗೆ ಮೂಗಿಟ್ಟು, "ಇನ್ನೂ ವಾಸನೆ ಇದೆ ಸ್ವಾಮಿ" ಅಂದರು. ಅಪ್ಪ ಬೈಕನ್ನ ಆ ಕಡೆ ಈ ಕಡೆ ಮಲಗಿಸಿ ಕುಲುಕಿದರು. ಮುಚ್ಚಳ ತೆಗೆದು ಬಿಸಿಲಿಗೆ ನಿಲ್ಲಿಸಿದರು. ಇನ್ನೂ ವಾಸನೆ. ಕಾಯ್ದು ಕಾಯ್ದು ಮಧ್ಯಾಹ್ನ ಆಯಿತು. ಈಗ ಯೋಚಿಸಿದರೆ ಆ ಗುಮಾಸ್ತರು ಹೇಳಿದ್ದು ಸರಿಯೇ. ಉರಿಯೋದು ಪೆಟ್ರೋಲಿನ ಆವಿ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಮ್ಮಿ, ಬರಿದಾದ ಹಾಗೆ ಕಾಣೋ ಟ್ಯಾಂಕಿನಲ್ಲಿ ಗಾಳಿಯ ಜೊತೆ ಬೆರೆತು ಪೂರ್ತಿ ತುಂಬಿಕೊಂಡಿರುತ್ತೆ. ಆವತ್ತು ಅಪ್ಪ ಅವರಿಗೆ ಹಿಡಿಶಾಪ ಹಾಕಿದ್ದಂತೂ ನಿಜ.

ಅಲ್ಲಿ ನಾನು ಮರೆಯದೆ ಇರೋದು ಬೈಕ್ ಕಟ್ಟುತ್ತಿದ್ದ ಹೊರಗಿನ ಜನರನ್ನ. ಒಬ್ಬರು ಮುದುಕರು, ಒಬ್ಬ ಹುಡುಗ. ಮೊದಲು ಕನ್ನಡಿ ಬಿಚ್ಚಿ ಅಪ್ಪನ ಕೈಗೆ ಕೊಟ್ಟರು. ಹೆಡ್ ಲೈಟಿಗೆ, ಇಂಡಿಕೇಟರಿಗೆ ಹುಲ್ಲು ಸುತ್ತಿದರು. ಟ್ಯಾಂಕಿನ ಮೇಲೆ ರಟ್ಟು. ಅದರ ಮೇಲೆ ಗೋಣಿತಾಟು ಹೊದಿಸಿ, ದಬ್ಬಳಕ್ಕೆ ಹುರಿ ಪೋಣಿಸಿ, ಸೀರೆಗೆ ಅಂಚು ಹೊಲಿದಷ್ಟು ಸಲೀಸಾಗಿ ಹೊಲಿದರು. ಕೊನೆಗೆ ಕಪ್ಪು ಬಣ್ಣದಲ್ಲಿ ಊರಿನ ಹೆಸರು ಬರೆದರು. ಅರ್ಧ ಗಂಟೆಯಲ್ಲಿ ನಮ್ಮ ಮಿರಮಿರ ಮಿಂಚೋ ರೋಡ್ ಕಿಂಗ್ ಹೋಗಿ ಕೊಂಬಿರೋ ಗೋಣಿಮೂಟೆ ಆಗಿತ್ತು. ನಾನು ಅತ್ತುಬಿಟ್ಟೆ. ಮುದುಕರು, "ಅಳಬೇಡ ಮರಿ, ಸೆಖೆ ಆಗಲ್ಲ ಅದಕ್ಕೆ, ನಿದ್ದೆ ಮಾಡ್ಕೊಂಡು ಹೋಗುತ್ತೆ" ಅಂದರು.

ಆಗ ಬೆಂಗಳೂರು-ಹುಬ್ಬಳ್ಳಿ ಮೀಟರ್ ಗೇಜು. ಹಾಗಾಗಿ ನಮ್ಮ ಬೈಕು ಒಂದೇ ಡಬ್ಬಿಯಲ್ಲಿ ಹೋಯಿತು. ಮೈಸೂರಿನಿಂದ ಬೈಕನ್ನ ರೈಲಿನಲ್ಲಿ ಮದ್ರಾಸಿಗೆ ಕಳಿಸೋರ ಪಾಡು ಬೇರೆ. ಬೆಂಗಳೂರು-ಮೈಸೂರು ಹಳಿ, 1876-78ರ ಭೀಕರ ಬರದ ಕಾಲದಲ್ಲಿ ಪರಿಹಾರ ಕಾಮಗಾರಿಯಾಗಿ ಶುರುವಾಗಿ 1881-82ರಲ್ಲಿ ಓಡಾಟಕ್ಕೆ ತೆರೆದದ್ದು, ಒಂದು ಮೀಟರ್ ಅಗಲದ್ದು. ಮದ್ರಾಸಿನ ಹಳಿ ಬ್ರಾಡ್ ಗೇಜು. ಅಂದರೆ ಬೆಂಗಳೂರಿನಲ್ಲಿ ಸಾಮಾನನ್ನೆಲ್ಲ ಒಂದು ರೈಲಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಮೈಸೂರು ಹಳಿ ಬ್ರಾಡ್ ಗೇಜ್ ಆಗಿದ್ದು ತೊಂಬತ್ತರ ದಶಕದಲ್ಲಿ. ಅಲ್ಲಿವರೆಗೂ, ನೂರಕ್ಕೂ ಹೆಚ್ಚು ವರ್ಷ, ಹಳಿಯ ಅಗಲದ ವ್ಯತ್ಯಾಸವನ್ನ ಕೂಲಿಗಳ ಬೆನ್ನು ತುಂಬಿಕೊಟ್ಟಿತು. ಗೇಜ್ ಬದಲಾವಣೆ ಅಂದರೆ ನಮಗೆ ರೈಲಿನ ವೇಗ ನೆನಪಾಗುತ್ತೆ. ನನಗೆ ಈಗ ಆ ಬೆನ್ನುಗಳೂ ನೆನಪಾಗುತ್ತವೆ.

ಅಂದ ಹಾಗೆ, ಎಂಬತ್ತರ ದಶಕದಲ್ಲೇ ಬೈಕುಗಳ ಲೋಕ ಬದಲಾಗಿದ್ದು. 1984ರಲ್ಲಿ ನಮ್ಮ ಪಕ್ಕದ ಹೊಸೂರಿನಿಂದ ಇಂಡ್-ಸುಜುಕಿ ಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಎಲ್ಲ ನೂರು ಸಿಸಿಯವು, ಹಗುರ, ಕುಡಿಯೋದೂ ಕಮ್ಮಿ. ಬೈಕುಗಳು ಸಾವಿರ ಸಾವಿರ ಲೆಕ್ಕದಲ್ಲಿ ಮಾರಾಟವಾಗೋಕೆ ಶುರುವಾದ ಮೇಲೆ ಒಂದೊಂದನ್ನ ಗೋಣಿಯಲ್ಲಿ ಹೊಲಿಯೋ ಕಾಲ ಕಾರ್ಖಾನೆಗಳ ಮಟ್ಟಿಗೆ ಮುಗೀತು. ಉದ್ದನೆಯ ಮುಚ್ಚಿದ ಲಾರಿಗಳು ಬಂದವು. ಒಳಗೆ ಅಂತಸ್ತುಗಳು, ಒಂದೊಂದು ಅಂತಸ್ತಿನಲ್ಲೂ ಸಾಲಾಗಿ ಬೈಕುಗಳು. ಮೈಸೂರು ರಸ್ತೆಯ ನಾಯಂಡಹಳ್ಳಿ ಬಳಿಯೋ, ತುಮಕೂರು ರಸ್ತೆಯಲ್ಲೋ ನಿಂತಿರೋದನ್ನ ನೀವೂ ನೋಡಿರ್ತೀರಿ. ರೈಲ್ವೆಯವರು ಇನ್ನೊಂದು ಚೆಂದದ ಕೆಲಸ ಮಾಡಿದರು. ವಯಸ್ಸಾಗಿ ಜನರನ್ನ ಹೊರೋಕೆ ಲಾಯಕ್ಕಿಲ್ಲದ ಪ್ರಯಾಣಿಕರ ಬೋಗಿಗಳ ಸೀಟು ಕಿತ್ತು, ಕಿಟಕಿ ಮುಚ್ಚಿ, ಎರಡು ತುದಿಯಲ್ಲೂ ಬಾಗಿಲಿಟ್ಟು ಕಾರು ಬೈಕು ಸಾಗಿಸೋ ಡಬ್ಬಿ ಮಾಡಿದರು. ಎನ್‌ಎಂಜಿ ಅಂತ ಅದರ ಮೈಮೇಲೆ ಬರೆದಿರುತ್ತೆ. ನಿವೃತ್ತಿ ಆದ ಮೇಲೂ ದುಡಿಯೋ ನಮ್ಮ ಎಷ್ಟೋ ಜನರ ಹಾಗೆ.

ಮನೆಮಟ್ಟದಲ್ಲಿ ಮಾತ್ರ ಬೈಕು ಇನ್ನೂ ಒಂಟಿ ಸಾಮಾನೇ. ನಾವು ಹುಬ್ಬಳ್ಳಿಯಿಂದ ವಾಪಸು ಬಂದದ್ದು 1990ರಲ್ಲಿ, ಮನೆ ಸಾಮಾನಿನ ಲಾರಿಯಲ್ಲಿ. ಅಮೆರಿಕದ ಆ ಫೋಟೋ ನೋಡಿದಾಗ ನನಗೆ ಹೊಳೆದದ್ದು ಇದು: ನಮ್ಮ ಟಾಯ್ ಹಾಲರ್ ಅಂದರೆ ಮನೆ ಖಾಲಿ ಮಾಡೋ ಲಾರಿ! ಅಲ್ಲೂ ಮಂಚ, ಒಲೆ, ಪಾತ್ರೆ, ಬೈಕು ಒಟ್ಟಿಗೇ. ವ್ಯತ್ಯಾಸ ಅಂದರೆ ಅವರು ಖುಷಿಗೆ ಹೋಗ್ತಾರೆ, ನಾವು ವರ್ಗ ಆದರೆ ಹೋಗ್ತೀವಿ.

ಆವತ್ತು ಬೈಕ್ ಕಟ್ಟಿದ್ದು ಅಪ್ಪನೇ. ಲಾರಿ ಕ್ಲೀನರ್ ಹುಡುಗ, "ಸಾರ್, ಡಬಲ್ ಸ್ಟ್ಯಾಂಡ್ ಬೇಡ" ಅಂತ ಹೇಳಿದ. ಅಪ್ಪ ಕೇಳಲಿಲ್ಲ. ಬೈಕನ್ನ ಡಬಲ್ ಸ್ಟ್ಯಾಂಡ್ ಹಾಕಿ, ಬೀರುವಿನ ಪಕ್ಕ ನಿಲ್ಲಿಸಿ, ಹಿಂದಿನ ಕ್ಯಾರಿಯರಿಗೆ ಒಂದು ಹಗ್ಗ ಬಿಗಿದರು. ದಾರಿಯಲ್ಲಿ ಎಲ್ಲೋ ಒಂದು ಗುಂಡಿ, ಬೈಕು ಸ್ಟ್ಯಾಂಡಿನಿಂದ ಜಾರಿತು. ಬಸವೇಶ್ವರನಗರದಲ್ಲಿ ಟಾರ್ಪಾಲ್ ತೆಗೆದಾಗ ಟ್ಯಾಂಕು ಬೀರುವಿನ ಮೂಲೆಗೆ ಒರಗಿಕೊಂಡಿತ್ತು. ಎಡಗಡೆ ಅಂಗೈ ಅಗಲದ ತಗ್ಗು. ಅಪ್ಪ ಅದನ್ನ ಕೊನೆವರೆಗೂ ಎತ್ತಿಸಲಿಲ್ಲ. "ಹೊರೋದು ಅದರ ಕೆಲಸ, ಹೊರಿಸಿಕೊಳ್ಳೋದಲ್ಲ. ಇನ್ನೊಂದು ಸಲ ಅದನ್ನ ಗಾಡಿ ಮೇಲೆ ಹತ್ತಿಸಲ್ಲ" ಅಂತ ಹೇಳಿದರು. ತಪ್ಪು ತಮ್ಮದು ಅಂತ ಒಪ್ಪಿಕೊಳ್ಳೋ ರೀತಿ ಅದು ಅಂತ ನನಗೆ ಅರ್ಥವಾಗೋಕೆ ಬಹಳ ವರ್ಷ ಬೇಕಾಯಿತು.

ಆ ಕ್ಲೀನರ್ ಹುಡುಗನಿಗೆ ಗೊತ್ತಿದ್ದದ್ದು ಇಷ್ಟು. ಸ್ಟ್ಯಾಂಡ್ ಇರೋದು ನಿಂತ ನೆಲದ ಮೇಲೆ ನಿಲ್ಲೋಕೆ. ಓಡೋ ಗಾಡಿಯ ನೆಲ ಕುಣೀತಾ ಇರುತ್ತೆ, ಬೈಕಿನ ಭಾರವೆಲ್ಲ ಆ ಎರಡು ಕಬ್ಬಿಣದ ಕಾಲಿನ ಮೇಲೆ ಬಡಿಯುತ್ತೆ. ಅದರ ಬದಲು ಬೈಕನ್ನ ತನ್ನ ಚಕ್ರದ ಮೇಲೇ ನಿಲ್ಲಿಸಬೇಕು. ಮುಂದಿನ ಚಕ್ರ ಗಾಡಿಯ ಮುಂದಿನ ಗೋಡೆಗೆ ಒತ್ತಿರಬೇಕು, ನಡುವೆ ಒಂದು ಹಳೇ ಟೈರು. ಗೇರಿನಲ್ಲಿ ನಿಲ್ಲಿಸಬೇಕು. ಹ್ಯಾಂಡಲ್ ಬುಡದಿಂದ ಎರಡು ಕಡೆಗೂ ಹಗ್ಗ ಎಳೆದು, ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧದಷ್ಟು ಅದುಮುವಷ್ಟು ಬಿಗಿಯಬೇಕು. ಆಗ ಗುಂಡಿಗೆ ಬಿದ್ದಾಗ ಶಾಕ್ ಇನ್ನಷ್ಟು ಕುಗ್ಗಿದರೂ ಹಗ್ಗ ಬೇಗ ಸಡಿಲ ಆಗಲ್ಲ. ಪೂರ್ತಿ ಅದುಮಿದರೆ ಆಯಿಲ್ ಸೀಲ್ ಹೋಗುತ್ತೆ. ಹಿಂದೆಯೂ ಎರಡು ಹಗ್ಗ, ಆದರೆ ಅವು ಬೈಕು ಪಕ್ಕಕ್ಕೆ ಜಾರದ ಹಾಗೆ ಹಿಡಿಯೋಕೆ ಮಾತ್ರ. ಹಗ್ಗ ಬಣ್ಣಕ್ಕೆ ತಾಗೋ ಕಡೆ ಬಟ್ಟೆ. ಹತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಇನ್ನೊಂದು ಸಲ ಬಿಗಿ. ಅಮೆರಿಕದವರು ಹಗ್ಗದ ಬದಲು ಹಲ್ಲುಚಕ್ರದ ಪಟ್ಟಿ ಬಳಸ್ತಾರೆ, ನೆಲದಲ್ಲಿ ಕೊಂಡಿ ಕೂರಿಸಿರ್ತಾರೆ. ಲೆಕ್ಕ ಮಾತ್ರ ಅದೇ.

ಟ್ರೈಲರ್ ವಿಷಯದಲ್ಲಿ ಇನ್ನೊಂದು ಲೆಕ್ಕ ಇದೆ. ಎಳೆಯೋ ಟ್ರೈಲರ್‌ನ ಹಿಂದುಗಡೆ ಭಾರ ಹೆಚ್ಚಾದರೆ ಅದು ಓಡುವಾಗ ಬಾಲ ಬೀಸೋಕೆ ಶುರು ಮಾಡುತ್ತೆ, ಎಳೆಯೋ ಗಾಡಿಯನ್ನೂ ಪಲ್ಟಿ ಹೊಡೆಸಬಹುದು. ಅದಕ್ಕೇ ಟ್ರೈಲರ್‌ನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಮುಂದಿನ ಕೊಂಡಿಯ ಮೇಲೆ ಬೀಳಬೇಕು ಅಂತಾರೆ. ಬೈಕನ್ನ ಹಿಂಭಾಗದಲ್ಲಿ ನಿಲ್ಲಿಸೋ ಟ್ರೈಲರ್‌ಗೆ ಇದು ನಿಜವಾದ ತಲೆನೋವು. ಇದನ್ನ ಓದಿದಾಗ ನನಗೆ ತಾತನ ಎತ್ತಿನಗಾಡಿ ನೆನಪಾಯಿತು. ಗಾಡಿಯ ಹಿಂದೆ ಮೂಟೆ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತೆ, ಮುಂದೆ ಹೆಚ್ಚಾದರೆ ಹೆಗಲು ಕುಸಿಯುತ್ತೆ. ತಾತ ಮೂಟೆಗಳನ್ನ ಹಿಂದೆ ಮುಂದೆ ಸರಿಸಿ, ನೊಗ ಎತ್ತಿ ನೋಡಿ, ಆಮೇಲೇ ಎತ್ತು ಹೂಡ್ತಾ ಇದ್ದರು. ಶೇಕಡಾ ಲೆಕ್ಕ ಅವರಿಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು.

ನಮ್ಮಲ್ಲಿ ಕಾರಿನ ಹಿಂದೆ ಟ್ರೈಲರ್ ಕಟ್ಟೋ ರೂಢಿ ಬೆಳೆಯಲಿಲ್ಲ. ನಮ್ಮ ಟ್ರೈಲರ್ ಅಂದರೆ ಟ್ರ್ಯಾಕ್ಟರಿನದ್ದು. ಕಬ್ಬು, ಇಟ್ಟಿಗೆ, ಮದುವೆ ದಿಬ್ಬಣ, ಕೆಟ್ಟುಹೋದ ಬೈಕು, ಎಲ್ಲ ಅದರಲ್ಲೇ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸೆಮಿ ಟ್ರೈಲರ್ ಮತ್ತು ಸೈಡ್ ಕಾರ್ ಬಿಟ್ಟು, ಮೋಟಾರು ವಾಹನ ಎಳೆಯೋ ಯಾವುದೇ ಗಾಡಿ ಟ್ರೈಲರ್. ತನಗೆ ಎಂಜಿನ್ ಇಲ್ಲದಿದ್ದರೂ ಅದು ಕಾಯ್ದೆಯ ಕಣ್ಣಲ್ಲಿ ಮೋಟಾರು ವಾಹನವೇ. ನೋಂದಣಿ ಬೇಕು. ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸಿ ಒಂದು ಟ್ರೈಲರ್ ಮಾಡಿಕೊಂಡುಬಿಡೋಣ ಅಂತ ಯಾರಾದರೂ ಯೋಚಿಸ್ತಾ ಇದ್ದರೆ ಮೊದಲು ಇದನ್ನ ನೆನಪಿಟ್ಟುಕೊಳ್ಳಿ.

ಆ ಖಾಲಿ ಜಾಗವನ್ನ ನಮ್ಮಲ್ಲಿ ತುಂಬಿದ್ದು ಮೊದಲು ಮೂರು ಚಕ್ರದ ಲಗೇಜ್ ಆಟೋ, ಆಮೇಲೆ 2005ರಲ್ಲಿ ಬಂದ ಟಾಟಾ ಏಸ್. ರಾಜಾಜಿನಗರದ ಕೈಗಾರಿಕಾ ಎಸ್ಟೇಟು, ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳು, ವಿಜಯನಗರದ ಫರ್ನಿಚರ್ ಅಂಗಡಿಗಳು, ಎಲ್ಲದರ ಮುಂದೆ ಇವು ನಿಂತಿರುತ್ತವೆ. ದೊಡ್ಡ ಲಾರಿ ನುಗ್ಗದ ನಮ್ಮ ಅಡ್ಡರಸ್ತೆಗಳಿಗೆ ಹೇಳಿ ಮಾಡಿಸಿದ ಹಾಗೆ.

ಇನ್ನು ನನ್ನ ಪ್ರಯಾಣ. ಅಪ್ಪ ಹೋಗಿ ಆರು ವರ್ಷ ಆಯಿತು. ಯೆಜ್ಡಿ ಮೆಟ್ಟಿಲ ಕೆಳಗೆ ಟಾರ್ಪಾಲ್ ಹೊದ್ದು ನಿಂತಿತ್ತು. ಎಂಜಿನ್ ಜಾಮ್. ಗುಜರಿಯವನು ಎರಡು ಸಲ ಬಂದು ಬೆಲೆ ಕಟ್ಟಿ ಹೋಗಿದ್ದ. ಅಮ್ಮ, "ಕೊಡೋದಾದ್ರೆ ಕೊಡು, ಆದ್ರೆ ನಾನು ಮನೇಲಿ ಇಲ್ದಾಗ ಕೊಡು" ಅಂದಿದ್ದಳು. ಆ ಮಾತು ಕೇಳಿದ ಮೇಲೆ ಕೊಡೋಕೆ ಮನಸ್ಸು ಬರಲಿಲ್ಲ. ಮೈಸೂರಿನ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸ ಮಾಡಿದ್ದ ಹಿರಿಯರೊಬ್ಬರು ಇನ್ನೂ ಮನೆಯಲ್ಲೇ ಈ ಬೈಕುಗಳನ್ನ ಬಿಚ್ಚಿ ಕಟ್ಟುತ್ತಾರೆ ಅಂತ ಗೊತ್ತಾಯಿತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಸಾಲ, ಕಾರ್ಮಿಕರ ತಕರಾರು, ಜಪಾನಿ ಬೈಕುಗಳ ಪೈಪೋಟಿ, ಬಿಗಿಯಾದ ಹೊಗೆ ನಿಯಮ, ಎಲ್ಲ ಸೇರಿ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು ನಿಜ, ಆದರೆ ಬೇರೆ ಕಂಪನಿ, ಬೇರೆ ಬೈಕು. ಹಳೆಯದನ್ನ ಬಲ್ಲ ಕೈಗಳು ವರ್ಷ ವರ್ಷ ಕಮ್ಮಿಯಾಗ್ತಾ ಇವೆ. ಬಿಡಿಭಾಗ ಹೊಸದಾಗಿ ಮಾಡಿಸಬಹುದು, ಆ ಕೈಗಳನ್ನ ಮಾಡಿಸೋಕಾಗಲ್ಲ.

ಏಸ್ ಡ್ರೈವರ್ ಹಲಗೆ ಹಾಕಿ, ನಾವು ಮೂರು ಜನ ತಳ್ಳಿ ಹತ್ತಿಸಿದೆವು. ನಾನು ಟ್ಯಾಂಕಿನ ತಗ್ಗಿನ ಮೇಲೆ ಹಳೇ ಬೆಡ್ ಶೀಟ್ ಸುತ್ತುವಾಗ ಡ್ರೈವರ್ ನಕ್ಕ. "ಅಲ್ಲಿ ಆಗ್ಲೇ ಹೋಗಿದೆಯಲ್ಲ ಸಾರ್, ಈ ಕಡೆ ಸುತ್ತಿ." ಮಾಗಡಿ ರಸ್ತೆ ಟೋಲ್ ಗೇಟ್, ವಿಜಯನಗರ ದಾಟಿ ಮೈಸೂರು ರಸ್ತೆಗೆ ಬಿದ್ದೆವು. ತಲೆ ಮೇಲೆ 2021ರಿಂದ ಕೆಂಗೇರಿವರೆಗೂ ಓಡೋ ನೇರಳೆ ಮೆಟ್ರೊ. ಕೆಂಗೇರಿಯಲ್ಲಿ ನಿಲ್ಲಿಸಿ ಹಗ್ಗ ಬಿಗಿದೆವು. ಮುಂದೆ ಎಕ್ಸ್‌ಪ್ರೆಸ್‌ವೇ. ಅದರ ಬಾಯಲ್ಲೇ ಬೋರ್ಡು ಕಂಡಿತು. ಬೈಕ್ ಚಿತ್ರದ ಮೇಲೆ ಕೆಂಪು ಗೀಟು.

ಆ ರಸ್ತೆ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ರಂದು. ಅಪಘಾತಗಳಲ್ಲಿ ಜನ ಸಾಯೋದು ಹೆಚ್ಚಾಗಿ, ವೇಗದ ಗಾಡಿಗಳ ನಡುವೆ ನಿಧಾನದವು ಅಪಾಯ ಅಂತ ಹೇಳಿ ಹೆದ್ದಾರಿ ಪ್ರಾಧಿಕಾರ ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಯಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರು, ಎತ್ತಿನಗಾಡಿಗಳನ್ನ ನಿಷೇಧಿಸಿತು. ಅವೆಲ್ಲ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಹೋಗಬೇಕು. ನಿರ್ಧಾರ ಸರಿಯೋ ತಪ್ಪೋ ಅನ್ನೋ ವಾದ ಇಲ್ಲಿ ಬೇಡ. ನನಗೆ ಹೊಳೆದದ್ದು ಇಷ್ಟೇ. ಮೈಸೂರಿನಲ್ಲೇ ಹುಟ್ಟಿ, ಮೈಸೂರು ರಸ್ತೆಯ ಧೂಳು ಕುಡಿದು ಬೆಳೆದ ಬೈಕು ಇವತ್ತು ಆ ಹೊಸ ರಸ್ತೆಯಲ್ಲಿ ಹೋಗಬೇಕಾದರೆ ಇರೋದು ಒಂದೇ ದಾರಿ: ಸಾಮಾನಾಗಿ ಹೋಗೋದು. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ. ಎಡಕ್ಕೆ ನೋಡಿದರೆ ಸರ್ವೀಸ್ ರಸ್ತೆಯಲ್ಲಿ ಬೈಕುಗಳು ಗುಂಡಿ ತಪ್ಪಿಸಿಕೊಂಡು ಹೋಗ್ತಾ ಇದ್ದವು. ನಮ್ಮದು ಮೇಲೆ ರಾಜನ ಹಾಗೆ, ಬೆಡ್ ಶೀಟ್ ಹೊದ್ದುಕೊಂಡು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಒಂದು ಊರೂ ಕಾಣಿಸಲಿಲ್ಲ. ಎಲ್ಲ ಬೈಪಾಸ್.

ಮೈಸೂರಿನ ಹಿರಿಯರು ಹಗ್ಗ ಬಿಚ್ಚೋ ಮುಂಚೆ ಕಟ್ಟಿದ್ದನ್ನ ಒಂದು ಸುತ್ತು ನೋಡಿದರು. ಹ್ಯಾಂಡಲ್ ಬುಡದ ಗಂಟನ್ನ ಬೆರಳಿನಲ್ಲಿ ತಟ್ಟಿ, "ಯಾರು ಕಟ್ಟಿದ್ದು?" ಅಂದರು. ನಾನೇ ಅಂದೆ. "ಪರವಾಗಿಲ್ಲ" ಅಂದರು. ಆಮೇಲೆ ಟ್ಯಾಂಕಿನ ತಗ್ಗಿನ ಮೇಲೆ ಕೈಯಿಟ್ಟು, "ಇದನ್ನ ಎತ್ತಿಸಬೇಕಾ?" ಅಂತ ಕೇಳಿದರು. ಬೇಡ ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ.

ಐದು ವಾರ ಬೇಕು ಅಂದಿದ್ದಾರೆ. ಕ್ರ್ಯಾಂಕ್ ತುಕ್ಕು ಹಿಡಿದಿದೆ, ಬೇರಿಂಗ್ ಹುಡುಕಬೇಕು. ಹೊರಡುವಾಗ, ವಾಪಸ್ ಒಯ್ಯೋಕೆ ಗಾಡಿ ಯಾವತ್ತು ತರಲಿ ಅಂತ ಕೇಳಿದೆ. "ಗಾಡಿ ಯಾಕೆ? ಬರೋವಾಗ ಹೊತ್ಕೊಂಡು ಬಂದ್ರಿ, ಸರಿ. ಹೋಗೋವಾಗ ಅದು ನಿಮ್ಮನ್ನ ಹೊತ್ಕೊಂಡು ಹೋಗಲಿ" ಅಂದರು.

ಬಸ್ಸಿನಲ್ಲಿ ಬೆಂಗಳೂರಿಗೆ ಬಂದು ಅಮ್ಮನಿಗೆ ಹೇಳಿದೆ. ಹೆಲ್ಮೆಟ್ ಹಳೆಯದಾಗಿದೆ, ಹೊಸದು ತಗೋ ಅಂದಳು. ಹಳೇ ಮೈಸೂರು ರಸ್ತೆ, ಸರ್ವೀಸ್ ರಸ್ತೆ ಹಿಡಿದು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಒಂದೊಂದೇ ಊರಿನೊಳಗೆ ಹೋಗಿ ಬರಬೇಕು ಅಂತ ಇದೆ. ಮದ್ದೂರಲ್ಲಿ ವಡೆ ತಿನ್ನಬೇಕು. ಅಪ್ಪ ಅಲ್ಲಿ ನಿಲ್ಲಿಸದೆ ಯಾವತ್ತೂ ಮುಂದೆ ಹೋದವರಲ್ಲ.